ಗಾಳಿಗೆ ಕದಲದ ಕೂಸು

ಮೈಯಲ್ಲಿ ಸತ್ವ ಸಾಲದ ಕೂಸುಗಳು ನೆಲ ಬಿಟ್ಟು ತೇಲುವುದು ಆ ಊರಿನವರಿಗೆ ಹೊಸತೇನಲ್ಲ. ಅಂಥ ಕೂಸಿನ ನಡುವಿಗೆ ದಾರ ಕಟ್ಟಿ, ಇನ್ನೊಂದು ತುದಿಯನ್ನು ತಾಯಿ ತನ್ನ ಸೊಂಟಕ್ಕೆ ಬಿಗಿದುಕೊಂಡು ಮನೆಗೆಲಸ ಮಾಡುತ್ತಿದ್ದಳು. ದಾಕ್ಷಾಯಿಣಿಯ ಎಂಟು ತಿಂಗಳ ಮಗಳು ಸಿಂಚನಾಳೂ ಹಾಗೇ ಅವಳ ತಲೆಯ ಮೇಲೆ ತೇಲಾಡುತ್ತಿದ್ದಳು. ಆಷಾಢದ ಒಂದು ಮಧ್ಯಾಹ್ನ ದಾರ ಕಿತ್ತುಹೋಗಿ, ಮಗು ಗಾಳಿಯ ಪಾಲಾಗಿ, ಪುಣ್ಯಕ್ಕೆ ಬೇವಿನ ಕೊಂಬೆಗೆ ಸಿಕ್ಕಿಕೊಂಡಿತು.

ಏಣಿ ಹತ್ತಿ ಮಗುವನ್ನು ಇಳಿಸಿಕೊಟ್ಟ ಅಂಗನವಾಡಿ ಟೀಚರ್ ಹಸೀನಾ, "ಏನು ತಿನ್ನಿಸ್ತೀರಿ ಇವಳಿಗೆ?" ಎಂದು ಕೇಳಿದರು.

"ಎದೆಹಾಲು, ಅನ್ನದ ತಿಳಿ," ಎಂದರು ಅತ್ತೆ ಪುಟ್ಟತಾಯಮ್ಮ. "ಹಲ್ಲೇ ಬಂದಿಲ್ಲವಲ್ಲಮ್ಮ!"

"ತಿಳಿಯಿಂದ ಹೊಟ್ಟೆ ತುಂಬುತ್ತೆ ಅಜ್ಜಿ, ಮೈ ತುಂಬಲ್ಲ. ಎದೆಹಾಲು ಇರಲಿ. ಜೊತೆಗೆ ಗಟ್ಟಿ ರಾಗಿ ಸರಿ, ಬೆಂದ ಬೇಳೆ, ಮೊಟ್ಟೆ ಹಿಸುಕಿ ಕೊಡಿ."

ಪುಟ್ಟತಾಯಮ್ಮ ಅವತ್ತೆಲ್ಲ ಮುಖ ಊದಿಸಿಕೊಂಡಿದ್ದರು. ಮರುದಿನ ತಾವೇ ಒಲೆಯ ಮುಂದೆ ಕೂತು ಸರಿ ತಿರುವಿದರು. ಮಗು ಮೊದಮೊದಲು ಉಗುಳಿತು. ಆಮೇಲೆ ಚಮಚ ಕಂಡರೆ ಬಾಯಿ ತೆರೆಯತೊಡಗಿತು. ಬರಬರುತ್ತ ದಾರದ ಜಗ್ಗಾಟ ಕಡಿಮೆಯಾಯಿತು.

ಶ್ರಾವಣ ಕಳೆದ ಮೇಲೊಂದು ಬೆಳಿಗ್ಗೆ ದಾಕ್ಷಾಯಿಣಿ ಮಗುವನ್ನು ಅಂಗಳದಲ್ಲಿ ಕೂರಿಸಿ, ದಾರದ ಗಂಟು ಬಿಚ್ಚಿದಳು. ಗಾಳಿ ಬೀಸಿತು. ಒಣಹಾಕಿದ್ದ ಸೀರೆ ಹಾರಿಹೋಯಿತು, ಮಗು ಕದಲಲಿಲ್ಲ. ಕೂತಲ್ಲೇ ಒಂದು ಹಿಡಿ ಮಣ್ಣು ಬಾಚಿ ಬಾಯಿಗಿಟ್ಟುಕೊಂಡಿತು.

"ಅಯ್ಯೋ, ಮಣ್ಣು ತಿಂತಾ ಇದಾಳಲ್ಲೇ!" ಎಂದು ಅತ್ತೆ ಓಡಿಬಂದರು.

ದಾಕ್ಷಾಯಿಣಿ ಜಗುಲಿಯ ಮೇಲೆ ಕೂತು, ಕಣ್ಣೊರೆಸಿಕೊಳ್ಳುತ್ತ ನಕ್ಕಳು. "ನೆಲದ ಮೇಲೆ ಇದಾಳಲ್ಲ ಅತ್ತೆ," ಎಂದಳು.