ಎರಡನೇ ಗೇರು

ಮಾವ ಎರಡನೇ ಗೇರು ಹಾಕುವ ಮೊದಲು ಹಿಡಿಯನ್ನು ತುಸು ಎಡಕ್ಕೆ ಒತ್ತಿ, ಕ್ಷಣ ತಡೆದು, ಆಮೇಲೆ ಹಿಂದಕ್ಕೆ ಎಳೆದರು. ಪಕ್ಕದಲ್ಲಿದ್ದ ಅಳಿಯ ಆ ಕೈಯನ್ನೇ ನೋಡಿದ. ಗುಜರಿ ಸಾಮಾನು ಕೂಡಿಸಿ ಈ ಹಳೆಯ ಜೀಪಿಗೆ ಜೀವ ಕೊಟ್ಟವನು ಅವನು. ಈ ಗೇರ್‌ಬಾಕ್ಸಿನ ಮೊಂಡಾಟ ಅರ್ಥವಾಗಲು ಅವನಿಗೇ ಒಂದು ವಾರ ಹಿಡಿದಿತ್ತು. ಇವತ್ತೇ ಮೊದಲ ಸಲ ಇದನ್ನು ಓಡಿಸುತ್ತಿದ್ದ ಮಾವನ ಕೈಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

"ಗೇರ್‌ಬಾಕ್ಸ್ ಎಲ್ಲಿ ಸಿಕ್ತು?" ಮಾವ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದರು.

"ಗುಜರಿ ಅಂಗಡೀಲಿ, ಮಾವ. ಯಾರದೋ ಏನೋ."

ಮೂರು ವರ್ಷದ ಹಿಂದೆ ಮಾವನ ಜೀಪು ಕೆಟ್ಟು ನಿಂತಾಗ, "ಗೇರ್‌ಬಾಕ್ಸಿನ ಹಲ್ಲೆಲ್ಲ ಉದುರಿದೆ, ಗುಜರಿಗೆ ಹಾಕೋದೇ ವಾಸಿ" ಎಂದಿದ್ದವನು ಇವನೇ. ನಿಜಕ್ಕೂ ಸವೆದಿದ್ದದ್ದು ಕ್ಲಚ್ಚು ಮಾತ್ರ. ಮೆಕ್ಯಾನಿಕ್ ಅಳಿಯನ ಮಾತನ್ನು ವೇದವಾಕ್ಯವೆಂದು ನಂಬಿದ ಮಾವ ಅಂದಿನಿಂದ ಬಸ್ಸಿನಲ್ಲೇ ಓಡಾಡುತ್ತಿದ್ದರು.

ಹಿಂದಿನ ಸೀಟಿನಿಂದ ಹೆಂಡತಿ ಮುಂದಕ್ಕೆ ಬಾಗಿದಳು. "ಅಪ್ಪಾ, ಥೇಟ್ ನಮ್ಮ ಜೀಪಿನ ಥರಾನೇ ಗುರ್ ಅನ್ನುತ್ತೆ, ಅಲ್ವಾ?"

ಅಳಿಯ ಗ್ರೀಸು ಮೆತ್ತಿದ ತನ್ನ ಉಗುರುಗಳನ್ನೇ ನೋಡುತ್ತ ಕೂತ.

"ಇಲ್ಲಮ್ಮ," ಎಂದರು ಮಾವ. "ಅದರ ಹಲ್ಲೆಲ್ಲ ಉದುರಿತ್ತಲ್ಲ. ನಿನ್ನ ಗಂಡನೇ ನೋಡಿ ಹೇಳಿದ್ದ."

ಬಸ್ ನಿಲ್ದಾಣದ ಮುಂದೆ ಅವರು ಜೀಪು ನಿಲ್ಲಿಸಿದರು. ಗೇರಿನ ಹಿಡಿಯನ್ನು ಅಂಗೈಯಿಂದ ಒಮ್ಮೆ ಸವರಿ, ಕೆಳಗಿಳಿದರು.

"ಮಾವ, ಮನೆವರೆಗೂ ಬಿಡ್ತೀನಿ, ಹತ್ತಿ," ಎಂದ ಅಳಿಯ.

"ಬೇಡಪ್ಪ," ಎಂದು ಮಾವ ಜೇಬು ತಟ್ಟಿಕೊಂಡರು. "ತಿಂಗಳ ಪಾಸಿದೆ."