ಮಾವನ ನಲವತ್ತು ಸಹಿ

ಮೋಡಗಳೇ ಏದುಸಿರು ಬಿಡುತ್ತ ಹತ್ತುವ ಆ ಶಿಖರದ ತುದಿಯಲ್ಲಿ, ಅವಳು ತಗಡಿನ ಡಬ್ಬಿ ತೆರೆದಳು. ಹತ್ತಿ ಬಂದವರೆಲ್ಲ ಸಹಿ ಹಾಕುವ ಪುಸ್ತಕ ಒಳಗಿತ್ತು. ರಕ್ಷಿತಾರಣ್ಯದ ಗೇಟು ಕಾಯುವ ಸೋದರಮಾವ ತಾನು ನಲವತ್ತು ಸಲ ಇಲ್ಲಿಗೆ ಬಂದಿದ್ದೇನೆಂದು ಕೊಚ್ಚಿಕೊಂಡದ್ದು ಕೇಳಿ ಕೇಳಿ, ಮನೆಯ ಗೋಡೆಗಳಿಗೂ ದಾರಿ ಬಾಯಿಪಾಠವಾಗಿತ್ತು.

“ನಿಮ್ಮ ಸಹಿ ಎಲ್ಲಿ, ಮಾವ?”

“ನನ್ನ ಸಹಿಗೇ ಒಂದು ಪುಸ್ತಕ ಸಾಲದೆ ಬೇರೆ ತರಿಸಿದ್ರು!” ಎನ್ನುತ್ತ ಮಾವ ಮೆಲ್ಲನೆ ಬಂಡೆಯ ಆಚೆಗೆ ಸರಿದ. ಕೆಳಗೆ ಇಣುಕಿದವನು ಹಾಗೇ ನಿಂತುಬಿಟ್ಟ.

“ಅಯ್ಯೋ, ಬಾರೇ ಇಲ್ಲಿ! ಈ ಕಡೆ ಕೆರೆ ಇದೆ ಕಣೇ! ಇಷ್ಟು ವರ್ಷ ಒಬ್ಬನಾದ್ರೂ ಹೇಳಲಿಲ್ವಲ್ಲ!”

ಹಳೆಯ ಹಾಳೆಗಳನ್ನು ತಿರುವಿ ನೋಡದೆ, ಅವಳು ಖಾಲಿ ಹಾಳೆ ತೆರೆದು ಪೆನ್ನು ಅವನ ಕೈಗಿಟ್ಟಳು.

“ನಲವತ್ತೊಂದನೇ ಸಲ ಅಂತ ಬರೀರಿ, ಮಾವ.”