ಹನ್ನೆರಡು ಕಮ್ಮಿ ಹಸಿರು

ಉಪಗ್ರಹಗಳು ಮಾತು ಕಲಿತ ಮೇಲೆ, ಅವು ಕಂಡದ್ದು ನಿಜವೋ ಅಲ್ಲವೋ ಹೇಳಲು ನೆಲದ ಮೇಲೆ ಊರಿಗೊಬ್ಬರನ್ನು ನೇಮಿಸಿದ್ದರು. ವಿಜಯಪುರದ ಕಡೆಯ ಆ ಊರಿನಲ್ಲಿ ಅದು ಮಹಾನಂದಾಳ ಕೆಲಸ. ಹತ್ತು ದಿನಕ್ಕೊಮ್ಮೆ ಉಪಗ್ರಹ ನೆತ್ತಿಯ ಮೇಲೆ ಬಂದಾಗ ಅವಳು ಹೊಲದಲ್ಲಿ ನಿಂತು, ಎಲೆಯ ಹಸಿರನ್ನು ಮೀಟರಿನಲ್ಲಿ ಅಳೆದು ಹೇಳುತ್ತಿದ್ದಳು. ಹದಿನಾಲ್ಕು ವರ್ಷದ ಒಡನಾಟ ಅವರದು.

ಅವತ್ತು ವೈರ್‌ಲೆಸ್ಸಿನಲ್ಲಿ ಅದರ ದನಿ ಕುಗ್ಗಿತ್ತು. "ಅಕ್ಕಾ, ನನ್ನ ಕಣ್ಣು ಮಂಜಾಗ್ಯಾವಂತ. ಇವತ್ತೂ ತಪ್ಪಿದ್ರ ಆಫೀಸಿನವರು ಕೆಳಗಿಳಿಸಿ ಸುಡ್ತಾರಂತ. ಕಡ್ಲಿ ಹೊಲದ ಹಸಿರು ನನಗ ನಲವತ್ತು ಕಾಣ್ತೈತಿ. ನಿನಗ?"

ಮೀಟರಿನಲ್ಲಿ ಐವತ್ತೆರಡಿತ್ತು. ನಲವತ್ತು ಅಂದುಬಿಟ್ಟರೆ ಅದು ಉಳಿಯುತ್ತಿತ್ತು. ಆದರೆ ಹಸಿರು ಹೊಲಗಳನ್ನೆಲ್ಲ ಒಣಗಿವೆ ಎಂದು ಹೇಳುತ್ತಲೇ ತಿರುಗುತ್ತಿತ್ತು.

"ಐವತ್ತೆರಡು, ತಮ್ಮಾ. ತಡಿ, ಹೋಗಬ್ಯಾಡ, ಜ್ವಾಳಾನೂ ನೋಡ್ತೀನಿ."

ಸೆರಗು ಸಿಕ್ಕಿಸಿ ಬದು ಹಾರಿ ಓಡಿದಳು. ಜೋಳದಲ್ಲೂ ಅದಕ್ಕೆ ಹನ್ನೆರಡೇ ಕಮ್ಮಿ ಕಂಡಿತ್ತು. ಗೋಧಿಯಲ್ಲೂ ಹನ್ನೆರಡೇ. ಏದುಸಿರು ಬಿಡುತ್ತಲೇ ಮೂರನ್ನೂ ಆಫೀಸಿಗೆ ತಿಳಿಸಿದಳು.

"ಎಲ್ಲಾ ಕಡೆ ಅಷ್ಟ ಕಮ್ಮಿ ಕಾಣ್ತಿದ್ರ, ಹನ್ನೆರಡು ಕೂಡಿಸಿಕೊಂಡ್ರಾತು. ಇಳಸೂದು ಬ್ಯಾಡ ಬಿಡ್ರಿ," ಎಂದರು ಆಫೀಸಿನವರು.

ಹತ್ತು ದಿನ ಬಿಟ್ಟು ಅದೇ ಹೊತ್ತಿಗೆ ವೈರ್‌ಲೆಸ್ ಗರಗರ ಅಂದಿತು.

"ಅಕ್ಕಾ, ನನ್ನ ಕಣ್ಣಿಗೆ ಹನ್ನೆರಡು ನಂಬರಿನ ಚಾಳೀಸು ಹಾಕ್ಯಾರ!"

ಏನೂ ಕಾಣದ ನೀಲಿ ಆಕಾಶದತ್ತ ಕತ್ತೆತ್ತಿ ಮಹಾನಂದಾ ಅಂದಳು: "ಭಾಳ ಚಂದ ಒಪ್ಪೈತಿ ಬಿಡೋ ನಿನಗ."